ಬಿಲ್ಲೆ ಮುಚ್ಚಿದ ಗ್ಲಾಸು

ಮಧ್ಯಾಹ್ನ ಊಟಕ್ಕೆ ಬಂದವರೆಲ್ಲ ಎದ್ದು ಹೋದ ಮೇಲೆ ನಾನು ಗ್ಲಾಸು ಒರೆಸುತ್ತ ನಿಂತೆ. ಬಿಸಿನೀರಿನಿಂದ ಎತ್ತಿದ ಗ್ಲಾಸನ್ನು ಬಟ್ಟೆಯೊಳಗೆ ಎರಡು ಸುತ್ತು ತಿರುಗಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಬೋರಲಾಗಿ ಕಪಾಟಿನಲ್ಲಿಡುವುದು. ಮತ್ತೆ ಇನ್ನೊಂದು. ಒಲೆಯಲ್ಲಿ ಕೊರಡು ಮುರಿದು ಬಿದ್ದದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಗ್ಲಾಸು ಮುಗಿದ ಮೇಲೆ ಕೌಂಟರು ಒರೆಸಿದೆ. ಈ ತುದಿಯಿಂದ ಆ ತುದಿಯವರೆಗೆ ಬಟ್ಟೆಯನ್ನು ಎತ್ತದೆ ಒರೆಸಿಕೊಂಡು ಹೋಗುವುದು ನನ್ನ ಅಭ್ಯಾಸ. ಇವತ್ತು ಒಂದು ಕಡೆ ಕೈ ತಡೆಯಿತು. ಬಟ್ಟೆ ಅಲ್ಲಿ ಬಳಸಿಕೊಂಡು ಹೋಯಿತು.

ಅಲ್ಲಿ ನೆಡ್‌ನ ಪಿಂಟ್ ಗ್ಲಾಸು ಇತ್ತು. ಕಪ್ಪು ಬಿಯರು, ಎರಡು ಗುಟುಕು ಮಾತ್ರ ಇಳಿದಿತ್ತು. ಗ್ಲಾಸಿನ ಅಡಿಗೆ ಇಡುವ ರಟ್ಟಿನ ಬಿಲ್ಲೆ ಅದರ ಬಾಯಿಗೆ ಮುಚ್ಚಿತ್ತು.

ಬಿಲ್ಲೆ ಮುಚ್ಚಿದ ಗ್ಲಾಸನ್ನು ನಮ್ಮ ಕರಿಟಗರು ಪಬ್ಬಿನಲ್ಲಿ ಯಾರೂ ಮುಟ್ಟುವುದಿಲ್ಲ. ಅದರ ಮುಂದಿನ ಸ್ಟೂಲಿನ ಮೇಲೆ ಕೂರುವುದೂ ಇಲ್ಲ. ಎದ್ದು ಹೋದವನು ವಾಪಸು ಬರುತ್ತಾನೆ, ಅಷ್ಟೆ. ಹತ್ತು ನಿಮಿಷಕ್ಕೋ, ಒಂದು ಸಿಗರೇಟು ಸುಟ್ಟ ಮೇಲೋ. ನೆಡ್ ಹೋಗಿ ಒಂದೂವರೆ ಗಂಟೆಯಾಗಿತ್ತು.

ಕಿಟಕಿಯಾಚೆ ಸ್ಕಾರ್‌ಗಿಲ್ ಬೆಟ್ಟ ಕಾಣಬೇಕು. ಕಾಣುತ್ತಿರಲಿಲ್ಲ. ಮೋಡ ಚರ್ಚಿನ ಗೋಪುರದವರೆಗೂ ಇಳಿದಿತ್ತು.

ಅವನನ್ನು ನಾನು ಮೊದಲು ನೋಡಿದ್ದು ಹದಿನಾಲ್ಕು ತಿಂಗಳ ಹಿಂದೆ, ಇಲ್ಲಿ ಕೆಲಸಕ್ಕೆ ಸೇರಿದ ಎರಡನೆಯ ದಿನ. ಹದಿನಾರಕ್ಕೇ ಶಾಲೆ ಬಿಟ್ಟವಳು ನಾನು. ತರಗತಿಯಲ್ಲಿ ಎದ್ದು ನಿಂತು ಉತ್ತರ ಹೇಳುವುದಕ್ಕಿಂತ ಚಿಕ್ಕಪ್ಪನ ಕುರಿಗಳ ಗೊರಸು ಕತ್ತರಿಸುವುದು ನನಗೆ ಸುಲಭವಾಗಿತ್ತು. ಕುರಿಗಳ ಜೊತೆ ಮೂರು ವರ್ಷ ಕಳೆದು ಬಂದವಳಿಗೆ ಇಲ್ಲಿ ಇಷ್ಟು ಜನ ಒಟ್ಟಿಗೆ ನನ್ನ ಮುಖವನ್ನೇ ನೋಡುತ್ತ ನಿಂತಿದ್ದರೆ ಕೈ ಕಾಲು ಆಡುತ್ತಿರಲಿಲ್ಲ.

ಉದ್ದನೆಯ ಹುಡುಗನೊಬ್ಬ ಬಂದು ಒಂದು ಪಿಂಟ್ ಬಿಟರ್ ಕೇಳಿದ. ಬೆರಳುಗಳ ತುಂಬ ಗೀರು. ಕಲ್ಲಿನ ಗೋಡೆ ಕಟ್ಟುವವನು ಎಂದು ಕೈ ನೋಡಿಯೇ ತಿಳಿಯಿತು. ಬಿಟರ್ ಅಂದರೆ ಜೇನಿನ ಬಣ್ಣದ್ದು. ನಾನು ಗಾಬರಿಯಲ್ಲಿ ಪಕ್ಕದ ಪಂಪಿನ ಹಿಡಿ ಎಳೆದೆ. ಬಂದದ್ದು ಮೈಲ್ಡ್, ಚಹದ ಕಷಾಯದ ಹಾಗೆ ಕಪ್ಪಗೆ. ಅವನು ಗ್ಲಾಸು ನೋಡಿದ, ನನ್ನ ಮುಖ ನೋಡಿದ, ಥ್ಯಾಂಕ್ಸ್ ಎಂದು ಹೇಳಿ ಕುಡಿದ.

ಮರುದಿನ ಅವನು ಬಾಗಿಲಲ್ಲಿ ಕಂಡದ್ದೇ ನಾನು ಮೈಲ್ಡ್ ತುಂಬಿಸಿ ಇಟ್ಟೆ. ಗಿರಾಕಿ ಏನು ಕುಡಿಯುತ್ತಾನೆಂದು ನೆನಪಿಟ್ಟುಕೊಂಡಿದ್ದೇನೆ ಎಂದು ನನಗೆ ಹೆಮ್ಮೆ. ಮೂರು ವಾರ ಹೀಗೇ ನಡೆಯಿತು. ಕೊನೆಗೆ ಒಂದು ದಿನ ಪಬ್ಬಿನೊಡತಿ ಗ್ವೆಂಡಾ ಅವನ ಗ್ಲಾಸು ನೋಡಿ, "ನೀನು ಬಿಟರ್ ಕುಡಿಯೋನಲ್ವೇನೋ? ಯಾವಾಗಿಂದ ಇದು?" ಎಂದು ಕೇಳಿಬಿಟ್ಟಳು.

ಅವನ ಕಿವಿಗಳು ಕೆಂಪಾದವು. ನನ್ನ ಇಡೀ ಮುಖ.

"ಹೇಳಬಾರ್ದಿತ್ತಾ?" ಎಂದು ನಾನು ಕೇಳಿದೆ. ಅವನ ಜೊತೆ ನಾನಾಗಿ ಆಡಿದ ಮೊದಲ ಮಾತು ಅದು.

"ನೀವು ಅಷ್ಟು ಖುಷಿಯಿಂದ ಕೊಟ್ರಿ. ಹೆಂಗೆ ಹೇಳೋದು?"

ಅವತ್ತಿನಿಂದ ಅವನು ಮೈಲ್ಡ್ ಬಿಟ್ಟು ಬೇರೆ ಕುಡಿದಿಲ್ಲ.

ಒಲೆಯ ಪಕ್ಕ ಡಾಮಿನೊ ಆಡುವ ವಿಲ್ಫ್ ಮತ್ತು ಆರ್ನಲ್ಡ್ ಈ ಕಥೆಯನ್ನು ವರ್ಷದಿಂದ ಅಗಿಯುತ್ತಿದ್ದಾರೆ. ಇಬ್ಬರಿಗೂ ಎಪ್ಪತ್ತು ದಾಟಿದೆ. ನೆಡ್ ಒಳಗೆ ಬಂದರೆ ಸಾಕು, ಇವನಿಗೆ ವಿಷ ಕೊಟ್ಟರೂ ಥ್ಯಾಂಕ್ಸ್ ಹೇಳಿ ಕುಡಿಯುತ್ತಾನೆ ಎಂದು ವಿಲ್ಫ್ ಶುರುಮಾಡುತ್ತಾನೆ. ಕೌಂಟರಿನ ಮುಂದೆ ಸಾಲು ಇರುವುದಿಲ್ಲ, ಆದರೆ ಯಾರಾದ ಮೇಲೆ ಯಾರು ಎಂದು ಎಲ್ಲರಿಗೂ ಗೊತ್ತಿರುತ್ತದೆ. ನನಗೂ ಗೊತ್ತಿರಬೇಕು. ನೆಡ್‌ನ ಸರದಿ ಬಂದಾಗ ಮಾತ್ರ ಅವನು ಹಿಂದಿನವರನ್ನು ತೋರಿಸಿ, ಇವರು ನನಗಿಂತ ಮೊದಲು ಬಂದಿದ್ದರು ಎನ್ನುತ್ತಾನೆ. ಬಂದಿರುವುದಿಲ್ಲ. ಒಬ್ಬೊಬ್ಬರನ್ನೇ ಮುಂದೆ ಬಿಟ್ಟು ಕೊನೆಯವನಾಗಿ ಉಳಿಯುತ್ತಾನೆ.

"ಮಾರಾಯಾ, ಹಿಂಗೇ ಎಲ್ರಿಗೂ ದಾರಿ ಬಿಡ್ತಾ ನಿಂತ್ಕೊ," ಎಂದು ಒಮ್ಮೆ ವಿಲ್ಫ್ ಕೂಗಿದ್ದ. "ನಿನ್ನ ಮದುವೇಲೂ ಹಿಂದಿರೋನ್ನ ಮುಂದೆ ಬಿಟ್ಬಿಡ್ತೀಯ."

ಆದರೆ ಹಿಂದೆ ಯಾರೂ ಇಲ್ಲದಿದ್ದಾಗ ಅವಸರ ಮಾಡುವವರೂ ಇರುವುದಿಲ್ಲ, ನನ್ನ ಮುಂದೆ ಎಷ್ಟು ಹೊತ್ತಾದರೂ ನಿಲ್ಲಬಹುದು. ಅದು ವಿಲ್ಫ್‌ಗೆ ಹೊಳೆದಿರಲಿಲ್ಲ. ನನಗೆ ಹೊಳೆದಿತ್ತು. ಕೆಲವು ದಿನ ಹೊಳೆದಿತ್ತು, ಕೆಲವು ದಿನ ಅದು ನನ್ನದೇ ಭ್ರಮೆ ಎನಿಸುತ್ತಿತ್ತು.

ಬಿಯರು ಕೈಗೆ ಬಂದ ಮೇಲೆ ಅವನು "ನಿಮಗೂ ಒಂದು" ಎನ್ನುತ್ತಾನೆ. ಎಲ್ಲರೂ ಎನ್ನುತ್ತಾರೆ. ಸುರಿಯುವವಳ ಕೈಗೂ ಒಂದು ಗ್ಲಾಸು ಸಿಗಲಿ ಎಂಬುದು ಇಲ್ಲಿನ ಮರ್ಯಾದೆ. ನಾನು, "ಆಮೇಲೆ ತಗೋತೀನಿ, ಥ್ಯಾಂಕ್ಸ್" ಎಂದು ಹೇಳಿ ಒಂದು ಪುಟ್ಟ ಗ್ಲಾಸನ್ನು ನೆನಪಿಗೆಂದು ಕೆಳಗಿನ ಹಲಗೆಯ ಮೇಲೆ ಬೋರಲು ಇಡುತ್ತೇನೆ. ಉಳಿದವರು ಅದನ್ನು ಹೇಳುವಾಗ ಗೆಳೆಯರ ಕಡೆ ತಿರುಗಿಯೇ ಆಗಿರುತ್ತದೆ. ನೆಡ್ ಹೇಳಿ ನಿಲ್ಲುತ್ತಾನೆ. ನಾನು ಗ್ಲಾಸು ಇಡುವುದನ್ನು ನೋಡಿಯೇ ಹೋಗುತ್ತಾನೆ.

ಬೇರೆಯವರು ಕೊಡಿಸಿದ ನಿಂಬೆ ಪಾನಕವನ್ನು ಕೆಲಸ ಮುಗಿದ ಮೇಲೆ ಕುಡಿದಿದ್ದೇನೆ. ಅವನದ್ದನ್ನು ಒಮ್ಮೆಯೂ ಕುಡಿದಿಲ್ಲ. ಏಕೆ ಎಂದರೆ ಹೇಳಲು ಬರುವುದಿಲ್ಲ. ಕುಡಿದರೆ ಮುಗಿದುಹೋಗುತ್ತದೆ ಎನಿಸುತ್ತಿತ್ತು.

ಇವತ್ತು ಒಂದು ಗಂಟೆ ದಾಟಿದಾಗ ಅವನು ಬಂದ. ಭಾನುವಾರದ ರೋಸ್ಟ್ ಊಟಕ್ಕೆ ಜನ ತುಂಬಿತ್ತು. ಕುಟುಂಬಗಳು, ನಾಯಿಗಳು, ತಟ್ಟೆಗಳ ಸದ್ದು. ಅವನು ಆರು ಜನರನ್ನು ಮುಂದೆ ಬಿಟ್ಟ. ತಲೆ ಬಾಚಿಕೊಂಡು ಬಂದಿದ್ದ. ಅದನ್ನು ನೋಡಿ ನಾನು ಒರೆಸಿದ ಗ್ಲಾಸನ್ನೇ ಮತ್ತೆ ಒರೆಸಿದೆ.

ಪಿಂಟು ತೆಗೆದುಕೊಂಡು ಎರಡು ಗುಟುಕು ಕುಡಿದು ಕೆಳಗಿಟ್ಟ. "ನಿಮಗೂ ಒಂದು" ಎಂದ. ನಾನು ಪುಟ್ಟ ಗ್ಲಾಸಿಗೆ ಕೈ ಚಾಚಿದೆ.

"ಆಮೇಲೆ ಅಲ್ಲ," ಎಂದ. ದನಿ ಒಂದು ಮೆಟ್ಟಿಲು ಮೇಲೆ ಹೋಗಿತ್ತು. "ಮೂರಕ್ಕೆ ನಿಮ್ಮ ಕೆಲಸ ಮುಗಿಯುತ್ತಲ್ಲ. ಈ ಕಡೆ ಬಂದು ನನ್ನ ಪಕ್ಕ ಕೂತು ಕುಡೀತೀರಾ? ನಿಮಗೆ ತೊಂದ್ರೆ ಇಲ್ಲ ಅಂದ್ರೆ."

ನನ್ನನ್ನು ಸಾಕಿದ್ದು ಅಜ್ಜಿ. ಯಾರ ಮನೆಗೆ ಹೋದರೂ, ಕೇಕು ಕೊಟ್ಟರೆ ಮೊದಲ ಸಲ ಬೇಡ ಅನ್ನಬೇಕು, ಎರಡನೆಯ ಸಲ ಕೇಳಿದಾಗ ತಗೋಬೇಕು ಎಂದು ಕಲಿಸಿದ್ದಳು. ಮೊದಲ ಸಲ ಕೇಳುವುದು ಉಪಚಾರಕ್ಕೆ. ಎರಡನೆಯ ಸಲ ಕೇಳಿದರೆ ನಿಜವಾಗಿ ಕೊಡುವ ಮನಸ್ಸಿದೆ ಎಂದು. ಮೊದಲ ಸಲಕ್ಕೇ ಕೈ ಚಾಚಿದ್ದಕ್ಕೆ ಒಮ್ಮೆ ಮೇಜಿನ ಕೆಳಗೆ ನನ್ನ ಮೊಣಕಾಲು ಚಿವುಟಿದ್ದಳು. ಆ ಜಾಗ ಈಗಲೂ ಗೊತ್ತು.

"ಅಯ್ಯೋ, ಬೇಡ. ಪರ್ವಾಗಿಲ್ಲ, ಥ್ಯಾಂಕ್ಸ್," ಎಂದೆ.

ಹೇಳಿ ಕಾದೆ. ಬಟ್ಟೆಯನ್ನು ಕೈಯಲ್ಲಿ ಹಿಂಡುತ್ತ, ಎರಡನೆಯ ಸಲಕ್ಕೆ ಕಾದೆ. ಬಾಯಲ್ಲಿ ಉತ್ತರ ಸಿದ್ಧವಾಗಿತ್ತು: ಸರಿ, ಹಾಗಾದ್ರೆ.

ಅವನು ಬಾಯಿ ತೆರೆದ. ಆಗಲೇ ಅವನ ಜೇಬಿನಲ್ಲಿ ಫೋನು ಕೂಗಿತು. ಅದು ಸಾಮಾನ್ಯ ಕರೆಯ ಸದ್ದಲ್ಲ. ನೆಡ್ ಬೆಟ್ಟದ ರಕ್ಷಣಾ ತಂಡದಲ್ಲಿದ್ದಾನೆ. ಆ ಸದ್ದು ಬಂದರೆ ಊಟದ ನಡುವೆ, ಚರ್ಚಿನ ನಡುವೆ ಎದ್ದು ಹೋಗುತ್ತಾರೆ. ಪರದೆ ಓದಿದ. ಮುಖದಲ್ಲಿದ್ದ ಕೆಂಪು ಇಳಿದುಹೋಯಿತು. ಕೌಂಟರಿನ ಮೇಲಿದ್ದ ರಟ್ಟಿನ ಬಿಲ್ಲೆ ತೆಗೆದು ಗ್ಲಾಸಿನ ಮೇಲಿಟ್ಟ. ಬಿಲ್ಲೆಯನ್ನು ಬೆರಳ ತುದಿಯಿಂದ ನೇರ ಮಾಡಿದ.

"ಸಾರಿ," ಎಂದ. ಹೋದ.

ಆ ಒಂದು ಮಾತನ್ನು ನಾನು ಒಂದೂವರೆ ಗಂಟೆಯಿಂದ ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ. ನಡುವೆ ಎದ್ದು ಹೋಗುತ್ತಿರುವುದಕ್ಕೆ ಸಾರಿಯೇ? ಕೇಳಿದ್ದಕ್ಕೆ ಸಾರಿಯೇ? ಅವನ ಕಾಲು ಬೇರೆಯವರು ತುಳಿದರೂ ಸಾರಿ ಹೇಳುವವನು ಅವನು. ಆ ಮಾತಿನಿಂದ ಏನೂ ತಿಳಿಯುವಂತಿರಲಿಲ್ಲ. ಒಂದಂತೂ ನಿಜ. ನನ್ನ 'ಬೇಡ' ಮೊದಲನೆಯದು, ಉಪಚಾರದ್ದು ಎಂದು ಅವನಿಗೆ ಗೊತ್ತಿಲ್ಲದಿದ್ದರೆ, ಅವನು ಅದನ್ನೇ ಹೊತ್ತುಕೊಂಡು ಆ ಮೋಡದೊಳಗೆ ಹತ್ತಿದ್ದಾನೆ.

ಮೂರು ಹೊಡೆಯಿತು. ನಾನು ಏಪ್ರನ್ ಬಿಚ್ಚಲಿಲ್ಲ. ಗ್ವೆಂಡಾ ನನ್ನನ್ನು ನೋಡಿದಳು, ಗಡಿಯಾರ ನೋಡಿದಳು, ಒಲೆಗೆ ಕೊರಡು ಹಾಕಿದಳು.

ಹೊರಗೆ ಗಾಳಿ ಜೋರಾಯಿತು. ಚಿಮಣಿಯಿಂದ ಹೊಗೆ ಒಳಗೆ ನುಗ್ಗಿತು.

"ಸ್ವಲ್ಪ ಗಾಳಿ ಐತೆ," ಎಂದ ವಿಲ್ಫ್.

"ಸ್ವಲ್ಪ," ಎಂದ ಆರ್ನಲ್ಡ್.

ಈ ಇಬ್ಬರ ಮಾತನ್ನು ಅಳೆಯುವ ಲೆಕ್ಕ ನನಗೆ ಗೊತ್ತು. ಹೋದ ವರ್ಷ ಶಾಲೆಯ ಚಾವಣಿ ಹಾರಿಹೋದ ದಿನ ಕೂಡ ವಿಲ್ಫ್ ಹೇಳಿದ್ದು ಸ್ವಲ್ಪ ಗಾಳಿ ಎಂದೇ. ಅವನು ಬೈದರೆ ಎಲ್ಲ ಚೆನ್ನಾಗಿದೆ ಎಂದರ್ಥ. ಸುಮ್ಮನಾದರೆ ಚಿಂತೆ. ಈಗ ಅವನು ಡಾಮಿನೊ ಕಾಯಿಯನ್ನು ಕೈಯಲ್ಲಿ ಹಿಡಿದು ಕಿಟಕಿ ನೋಡುತ್ತಿದ್ದ. ಸರದಿ ತನ್ನದೆಂದು ಮರೆತಿದ್ದ. ಆರ್ನಲ್ಡ್ ಅದನ್ನು ನೆನಪಿಸಲಿಲ್ಲ.

ಗಾಯಗೊಂಡವರು ಯಾರು, ಎಲ್ಲಿ, ಎಂದು ಆರ್ನಲ್ಡ್ ಯಾರಿಂದಲೋ ಕೇಳಿ ಬಂದಿದ್ದ. ಅಕ್ಕ ತಂಗಿ ಇಬ್ಬರು, ಹತ್ತುವ ದಾರಿ ತಪ್ಪಿ ಕೊರಕಲಿನ ಕಡೆ ಇಳಿದಿದ್ದಾರಂತೆ. ಆ ಕೊರಕಲಿನ ಹೆಸರು ಹೇಳುವಾಗ ಅವನು ಗ್ವೆಂಡಾ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. ಅವಳಿಗೆ ಕೇಳಿಸಿತ್ತು.

ಮೇಲಿನ ಕಪಾಟಿನ ತುದಿಯಲ್ಲಿ ಒಂದು ಖಾಲಿ ಪಿಂಟ್ ಗ್ಲಾಸು ಇದೆ. ಅದರ ಮೇಲೂ ಒಂದು ಬಿಲ್ಲೆ. ಬಿಲ್ಲೆಯ ಬಣ್ಣ ಪೂರ್ತಿ ಹೋಗಿದೆ. ಪ್ರತಿ ಸೋಮವಾರ ನಾನು ಅದರ ಸುತ್ತ ಧೂಳು ಒರೆಸುತ್ತೇನೆ. ಬಿಲ್ಲೆ ಎತ್ತಬಾರದು ಎಂದು ಮೊದಲ ದಿನವೇ ಹೇಳಿದ್ದರು. ಅದು ಗ್ವೆಂಡಾಳ ತಮ್ಮ ರೂಪರ್ಟ್‌ನದು. ಮೂವತ್ತೊಂದು ವರ್ಷದ ಹಿಂದೆ ಅವನೂ ಹೀಗೇ ನಡುವೆ ಎದ್ದು, ಯಾರನ್ನೋ ಹುಡುಕಲು ಅದೇ ಕೊರಕಲಿಗೆ ಹೋಗಿದ್ದ. ಗ್ಲಾಸಿನಲ್ಲಿದ್ದದ್ದು ಆರಿಹೋಯಿತು. ಬಿಲ್ಲೆ ಉಳಿಯಿತು.

ಗ್ವೆಂಡಾ ಬಂದು ನನ್ನ ಪಕ್ಕ ನಿಂತಳು. ನೆಡ್‌ನ ಗ್ಲಾಸನ್ನು ನೋಡಿದಳು.

"ಅವತ್ತು ನಾನು ಅವನ್ನ ಬೈದು ಕಳಿಸ್ದೆ ಕಣೆ," ಎಂದಳು. "ಬೂಟಲ್ಲಿ ಮಣ್ಣು ತಂದಿದ್ದ ಅಂತ. ಆಗಷ್ಟೇ ನೆಲ ಒರೆಸಿದ್ದೆ."

ಹದಿನಾಲ್ಕು ತಿಂಗಳಲ್ಲಿ ಗ್ವೆಂಡಾ ಯಾರ ಬೂಟಿನ ಮಣ್ಣಿಗೂ ಬೈದದ್ದನ್ನು ನಾನು ಕಂಡಿರಲಿಲ್ಲ. ಅದು ಧಾರಾಳತನ ಎಂದುಕೊಂಡಿದ್ದೆ.

"ಏನಾದ್ರೂ ಹೇಳಿ ಕಳಿಸಿದ್ಯಾ ಅವನಿಗೆ?" ಎಂದು ಕೇಳಿದಳು.

"ಬೇಡ ಅಂದೆ," ಎಂದೆ. "ಮೊದಲ್ನೇ ಸಲ ಕೇಳಿದ್ರು, ಅದಕ್ಕೆ."

ಅವಳು ದೀರ್ಘವಾಗಿ ಉಸಿರು ಬಿಟ್ಟಳು. ನನ್ನ ಅಜ್ಜಿ ಅವಳಿಗೂ ಗೊತ್ತಿದ್ದವಳೇ. ಚಹ ಮಾಡಿ ತಂದು ನನ್ನ ಮುಂದಿಟ್ಟು ಹೋದಳು. ಇಲ್ಲಿ ಯಾರಿಗೆ ಏನೇ ಆಗಲಿ, ಮೊದಲು ಬರುವುದು ಚಹ. ನಾನು ಅದನ್ನು ಕುಡಿಯಲಿಲ್ಲ. ಕೈ ಬಿಸಿಗೆ ಹಿಡಿದುಕೊಂಡೆ.

ನಾಲ್ಕು ದಾಟಿದಾಗ ಹೊರಗಿನವರು ಇಬ್ಬರು ಬಂದರು. ಗಂಡ ಹೆಂಡತಿ, ಹೊಸ ಜಾಕೆಟ್ಟು, ಒದ್ದೆ ಕೂದಲು. ಹೆಂಗಸು ನೇರ ಕೌಂಟರಿಗೆ ಬಂದು ನೆಡ್‌ನ ಸ್ಟೂಲಿನ ಮೇಲೆ ಚೀಲ ಇಟ್ಟಳು. ಬಿಲ್ಲೆ ಮುಚ್ಚಿದ ಗ್ಲಾಸನ್ನು ಎರಡು ಬೆರಳಿನಿಂದ ಪಕ್ಕಕ್ಕೆ ತಳ್ಳಿದಳು.

ಡಾಮಿನೊ ನಿಂತಿತು. ಆರ್ನಲ್ಡ್ ಕೆಮ್ಮಿದ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ, ಆದರೆ ಹೊರಗಿನವರಿಗೆ ಅದು ಬರೀ ಕೆಮ್ಮು. ಗ್ವೆಂಡಾ ಒಳಗೆ ಅಡುಗೆಮನೆಯಲ್ಲಿದ್ದಳು. ಹೇಳಬೇಕಾದವಳು ನಾನೇ.

"ಸಾರಿ," ಎಂದೆ. "ಅಲ್ಲಿ ಒಬ್ರು ಇದ್ದಾರೆ."

ಅವಳು ಸ್ಟೂಲು ನೋಡಿದಳು. "ಯಾರೂ ಇಲ್ವಲ್ಲ."

"ಇದ್ದಾರೆ."

"ಎಷ್ಟೊತ್ತಾಯ್ತು ಹೋಗಿ? ಈ ಬಿಯರು ನೋಡಿದ್ರೆ ನೊರೆಯೆಲ್ಲ ಹೋಗಿ, ಸತ್ತು ಒಂದು ದಿನ ಆದಂಗಿದೆ."

ನನ್ನ ಕೈ ತಾನಾಗಿ ಮುಂದೆ ಹೋಯಿತು. ಅವಳ ಚೀಲವನ್ನು ಎತ್ತಿ ಅವಳ ಕೈಗೆ ಕೊಟ್ಟೆ. ಗ್ಲಾಸನ್ನು ಇದ್ದ ಜಾಗಕ್ಕೆ ತಂದೆ. ಮರದ ಮೇಲೆ ಒದ್ದೆಯ ಉಂಗುರ ಇತ್ತು, ಸರಿಯಾಗಿ ಅದರ ಮೇಲೆ.

"ಬರ್ತಾರೆ," ಎಂದೆ. "ಅವರು ಬರ್ತಾರೆ. ನೀವು ದಯವಿಟ್ಟು ಬೇರೆ ಕಡೆ ಕೂತ್ಕೊಳ್ಳಿ."

ಅವರು ಕಿಟಕಿಯ ಬಳಿ ಕೂತರು. ವಿಲ್ಫ್ ಕಾಯಿ ಇಟ್ಟ. ನನ್ನ ಕಡೆ ತಿರುಗದೆಯೇ ಆರ್ನಲ್ಡ್‌ಗೆ, ಈ ಹುಡುಗಿಗೆ ದನಿ ಇದೆ ಎಂದು ನಿನಗೆ ಗೊತ್ತಿತ್ತೇ ಎಂದು ಕೇಳಿದ. ಅವನು ಗೊತ್ತಿರಲಿಲ್ಲ ಎಂದ. ನಾನು ಹಿಂದಿನ ಕೋಣೆಗೆ ಹೋಗಿ ಬಿಯರು ಪೀಪಾಯಿಗಳ ನಡುವೆ ಸ್ವಲ್ಪ ಹೊತ್ತು ನಿಂತು ಬಂದೆ.

ಚಳಿಗಾಲವಾದ್ದರಿಂದ ಐದಕ್ಕೇ ಪೂರ್ತಿ ಕತ್ತಲಾಯಿತು. ಆ ಹೊತ್ತಿಗೆ ಆಂಬುಲೆನ್ಸೊಂದು ಬೆಟ್ಟದ ಕಡೆಯಿಂದ ಬಂದು, ನಮ್ಮ ಕಿಟಕಿಯ ಗಾಜಿನ ಮೇಲೆ ನೀಲಿ ಬೆಳಕು ಒರೆಸಿಕೊಂಡು ಕೆಳಗೆ ಹೋಯಿತು. ಸೈರನ್ ಇರಲಿಲ್ಲ. ಸೈರನ್ ಇಲ್ಲದಿದ್ದರೆ ಅವಸರವಿಲ್ಲ ಎಂದು ಅರ್ಥ. ಅವಸರ ಏಕಿಲ್ಲ ಎಂಬುದಕ್ಕೆ ಎರಡು ಕಾರಣ ಇರಬಹುದು. ಪಬ್ಬಿನಲ್ಲಿದ್ದ ಎಲ್ಲರೂ ಆ ಎರಡನ್ನೂ ಯೋಚಿಸಿದರು.

"ಅವನಿಗೇನೂ ಆಗಲ್ಲ, ಮಗೂ," ಎಂದ ವಿಲ್ಫ್, ನನ್ನ ಕಡೆ ನೇರವಾಗಿ ನೋಡಿ.

ವಿಲ್ಫ್ ನನ್ನ ಜೊತೆ ಇಷ್ಟು ಮೆತ್ತಗೆ ಎಂದೂ ಮಾತಾಡಿರಲಿಲ್ಲ.

ಕೆಳಗಿನ ಹಲಗೆಯಲ್ಲಿ ಪುಟ್ಟ ಗ್ಲಾಸು ಇನ್ನೂ ಬೋರಲಾಗಿಯೇ ಇತ್ತು. ಅದನ್ನು ಕೈಗೆ ತೆಗೆದುಕೊಂಡೆ, ಒರೆಸಿದೆ, ಇಟ್ಟೆ, ಮತ್ತೆ ತೆಗೆದೆ. ದೇವರೇ, ಅವನು ಬರಲಿ, ನನ್ನನ್ನು ಕೇಳದಿದ್ದರೂ ಪರವಾಗಿಲ್ಲ ಎಂದುಕೊಂಡೆ. ಆಮೇಲೆ ಆ ಕೊನೆಯ ಮಾತನ್ನು ವಾಪಸು ತೆಗೆದುಕೊಂಡೆ.

ಆರಕ್ಕೆ ಹತ್ತು ನಿಮಿಷ ಇರುವಾಗ ಹೊರಗೆ ವ್ಯಾನು ನಿಂತಿತು. ಬಾಗಿಲು ತೆರೆಯಿತು. ಕೆಂಪು ಜಾಕೆಟ್ಟುಗಳು ಒಂದರ ಹಿಂದೆ ಒಂದು ಒಳಗೆ ಬಂದವು. ಒಬ್ಬ, ಇಬ್ಬರು, ಮೂವರು. ತಂಡದ ನಾಯಕಿ ಫ್ರಾನ್ಸಿಸ್, ಅವಳ ಹಿಂದೆ ಒಬ್ಬ. ಐದು ಜನ. ಬಾಗಿಲು ಮುಚ್ಚಿಕೊಂಡಿತು.

ಆರು ಜನ ಹೋಗಿದ್ದರು.

ಫ್ರಾನ್ಸಿಸ್ ಒಲೆಗೆ ಬೆನ್ನು ಮಾಡಿ ನಿಂತಳು. ವಿಲ್ಫ್ ಚಿಪ್ಸ್ ಪೊಟ್ಟಣವನ್ನು ಉದ್ದಕ್ಕೆ ಸೀಳಿ, ಎಲ್ಲರ ಕೈಗೂ ಸಿಗುವ ಹಾಗೆ ಮೇಜಿನ ನಡುವೆ ಹರಡಿಟ್ಟ. ಅಕ್ಕನ ಕಾಲು ಉಳುಕಿದೆ, ತಂಗಿಗೆ ಏನೂ ಆಗಿಲ್ಲ, ಇಬ್ಬರೂ ಆಸ್ಪತ್ರೆಗೆ ಹೋದರು ಎಂದು ಫ್ರಾನ್ಸಿಸ್ ಹೇಳಿದಳು. ಮೇಲೆ ಹೇಗಿತ್ತು ಎಂದು ಆರ್ನಲ್ಡ್ ಕೇಳಿದ. ಸ್ವಲ್ಪ ಒದ್ದೆ ಎಂದಳು. ಅವಳ ಹುಬ್ಬಿನ ಮೇಲೆ ಹಿಮ ಇನ್ನೂ ಕರಗಿರಲಿಲ್ಲ.

ಇನ್ನೊಬ್ಬನೆಲ್ಲಿ ಎಂದು ಯಾರೂ ಕೇಳಲಿಲ್ಲ. ಅವನ ಹೆಸರು ಎತ್ತಿದರೆ ಇಡೀ ಪಬ್ಬಿಗೆ ಗೊತ್ತಾಗುತ್ತದೆ. ಗೊತ್ತಾಗಲಿ ಎಂದುಕೊಂಡು ಬಾಯಿ ತೆರೆದೆ.

ಬಾಗಿಲು ಮತ್ತೆ ತೆರೆಯಿತು. ನೆಡ್ ಕಾಲುಚೀಲದಲ್ಲಿ ಒಳಗೆ ಬಂದ. ಬೂಟುಗಳು ಕೈಯಲ್ಲಿದ್ದವು. ಹೊಸಿಲಾಚೆ ಕತ್ತಲಲ್ಲಿ, ಆ ಗಾಳಿಯಲ್ಲಿ, ಮರಗಟ್ಟಿದ ಬೆರಳುಗಳಿಂದ ಲೇಸು ಬಿಚ್ಚುತ್ತ ಕೂತಿದ್ದನಂತೆ.

"ನೆಲ ಕೊಳೆಯಾಗುತ್ತೆ ಅಂತ," ಎಂದ, ಗ್ವೆಂಡಾಗೆ.

ಗ್ವೆಂಡಾ ಅವನನ್ನು ನೋಡಿದಳು. ಬಾಯಿಯ ಮೇಲೆ ಕೈ ಇಟ್ಟುಕೊಂಡು ಅಡುಗೆಮನೆಗೆ ಹೋದಳು. ಅವನು ತಾನು ಏನು ತಪ್ಪು ಮಾಡಿದೆನೋ ಎಂದು ಅತ್ತ ಇತ್ತ ನೋಡಿದ.

ನಾನು ಪಂಪಿನ ಹಿಡಿಯನ್ನು ಹಿಡಿದು ನಿಂತಿದ್ದೆ.

ಅವನು ತನ್ನ ಸ್ಟೂಲಿಗೆ ಬಂದ. ತಂಡದವರೆಲ್ಲ ಆಗಲೇ ಗ್ಲಾಸು ಹಿಡಿದಿದ್ದರು, ಮುಂದೆ ಬಿಡಲು ಯಾರೂ ಇರಲಿಲ್ಲ. ಬಿಲ್ಲೆಯನ್ನು ಎತ್ತಿ ಪಕ್ಕಕ್ಕಿಟ್ಟು ತನ್ನ ಪಿಂಟು ಕುಡಿದ. ಸತ್ತುಹೋದ, ನೊರೆಯಿಲ್ಲದ ಬಿಯರು. ಅವನ ಹಲ್ಲು ಗಾಜಿಗೆ ತಾಗಿ ಸದ್ದಾಯಿತು.

"ಹೊಸದು ಕೊಡ್ತೀನಿ," ಎಂದೆ.

"ಬೇಡ, ಬೇಡ. ಇದೇ ಸಾಕು."

"ಕೊಡ್ತೀನಿ ಬಿಡಿ. ಅದು ಸತ್ತೋಗಿದೆ."

"ಸರಿ, ಕೊಡಿ ಹಾಗಾದ್ರೆ."

ನನ್ನ ಕೈ ಹಿಡಿಯ ಮೇಲೆ ನಿಂತಿತು. ಮೊದಲು ಬೇಡ, ಎರಡನೆಯ ಸಲ ಸರಿ. ಅವನಿಗೆ ಗೊತ್ತಿದೆ. ಅವನನ್ನೂ ಯಾರೋ ಮೇಜಿನ ಕೆಳಗೆ ಚಿವುಟಿ ಬೆಳೆಸಿದ್ದಾರೆ. ಹಾಗಾದರೆ ಈಗ ಕೇಳುತ್ತಾನೆ. ಮೈಲ್ಡ್ ಅನ್ನು ನಿಧಾನವಾಗಿ ಎಳೆದೆ, ನೊರೆ ಗ್ಲಾಸಿನ ಅಂಚಿಗೆ ಬಂದು ನಿಲ್ಲುವ ಹಾಗೆ. ಅವನ ಮುಂದಿಟ್ಟೆ. ಪುಟ್ಟ ಗ್ಲಾಸನ್ನು ಕೈಯಲ್ಲಿ ಹಿಡಿದು ಕಾದೆ.

"ಥ್ಯಾಂಕ್ಸ್," ಎಂದ.

ಅಷ್ಟೆ. 'ನಿಮಗೂ ಒಂದು' ಎನ್ನಲಿಲ್ಲ. ಹದಿನಾಲ್ಕು ತಿಂಗಳಲ್ಲಿ ಮೊದಲ ಬಾರಿಗೆ ಅನ್ನಲಿಲ್ಲ. ಕೌಂಟರಿನ ಮೇಲಿದ್ದ ಒದ್ದೆ ಉಂಗುರವನ್ನು ಬೆರಳಿನಿಂದ ಒರೆಸುತ್ತಿದ್ದ.

"ಮಧ್ಯಾಹ್ನದ್ದಕ್ಕೆ ಸಾರಿ," ಎಂದ, ತಲೆ ಎತ್ತದೆ. "ಅಷ್ಟು ಜನರ ಮುಂದೆ ಕೇಳಿ ನಿಮ್ಮನ್ನ ಮುಜುಗರಕ್ಕೆ ಸಿಕ್ಕಿಸ್ದೆ. ಮೇಲೆ ಪೂರ್ತಿ ಅದೇ ಯೋಚನೆ. ಇನ್ಮೇಲೆ ಹಂಗೆ ಕೇಳಲ್ಲ."

ಅದಕ್ಕೆ ಇಲ್ಲಿ ಒಂದೇ ಉತ್ತರ ಇದೆ. ಪರವಾಗಿಲ್ಲ, ಎಂದು ಹೇಳಬೇಕು. ನಾನು ದಿನಕ್ಕೆ ಐವತ್ತು ಸಲ ಹೇಳುವ ಮಾತು. ಬಿಯರು ಚೆಲ್ಲಿದವರಿಗೆ, ಗ್ಲಾಸು ಒಡೆದವರಿಗೆ, ನನ್ನ ಹೆಸರು ಮರೆತವರಿಗೆ. ಅದು ಬಾಯಿಗೆ ಬಂದೇಬಿಟ್ಟಿತು. ನಾನು ಪರವಾಗಿಲ್ಲ ಎನ್ನುತ್ತೇನೆ, ಅವನು ಥ್ಯಾಂಕ್ಸ್ ಎನ್ನುತ್ತಾನೆ, ನಾಳೆ ಆರು ಜನರ ಹಿಂದೆ ನಿಲ್ಲುವುದನ್ನು ಬಿಡುತ್ತಾನೆ. ಇಬ್ಬರೂ ಮರ್ಯಾದೆಯಿಂದ ಮುಗಿಸಿಬಿಡುತ್ತೇವೆ. ಮೇಲಿನ ಕಪಾಟಿನ ಆ ಗ್ಲಾಸಿನ ಹಾಗೆ ಧೂಳು ಒರೆಸಿಕೊಂಡು ಇರಬಹುದು, ಮೂವತ್ತೊಂದು ವರ್ಷ.

ನಾನು ಮಾತನ್ನು ನುಂಗಿದೆ.

ಪುಟ್ಟ ಗ್ಲಾಸಿಗೆ ನಿಂಬೆ ಪಾನಕ ಸುರಿದೆ. ಹೊರಬರುವ ದಾರಿಗೆ ಅಡ್ಡವಿರುವ ಕೌಂಟರಿನ ಹಲಗೆ ಎತ್ತಿದೆ. ಅದರ ಕೀಲು ಯಾವಾಗಲೂ ಕಿರುಗುಟ್ಟುತ್ತದೆ. ಏಪ್ರನ್ ಕಟ್ಟಿಕೊಂಡೇ ಈ ಕಡೆ ಬಂದೆ. ಈ ಕಡೆಯಿಂದ ಪಬ್ಬು ಬೇರೆಯದೇ ರೀತಿ ಕಾಣುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಕೌಂಟರು ಎತ್ತರ. ಅವನು ನಾನಂದುಕೊಂಡಷ್ಟು ಉದ್ದವಿರಲಿಲ್ಲ. ಅವನ ಕಾಲುಚೀಲದ ತುದಿಯಲ್ಲಿ ಒಂದು ತೂತಿತ್ತು.

ನನ್ನ ಗ್ಲಾಸನ್ನು ಅವನ ಗ್ಲಾಸಿನ ಪಕ್ಕ ಇಟ್ಟೆ. ಹೇಳಬೇಕಾದದ್ದನ್ನು ಹೇಳಿದೆ. ಯಾರಿಗೂ ಕೇಳಿಸಲಿಲ್ಲ. ನನಗೇ ಕೇಳಿಸಲಿಲ್ಲ.

"ಸಾರಿ?" ಎಂದ ನೆಡ್, ಕಿವಿ ಬಗ್ಗಿಸಿ.

ಡಾಮಿನೊ ನಿಂತಿತು. ಎಲ್ಲರೂ ಒಮ್ಮೆಲೇ ತಮ್ಮ ತಮ್ಮ ಗ್ಲಾಸಿನೊಳಗೆ ನೋಡತೊಡಗಿದರು. ಫ್ರಾನ್ಸಿಸ್ ಒಲೆಯ ಕಡೆ ತಿರುಗಿದಳು. ವಿಲ್ಫ್‌ಗೆ ಚಿಪ್ಸ್ ಪೊಟ್ಟಣದ ಮೇಲಿನ ಅಕ್ಷರಗಳನ್ನು ಓದುವ ಕೆಲಸ ಬಂತು. ಇಡೀ ಕರಿಟಗರು ನಮ್ಮಿಬ್ಬರನ್ನು ನೋಡದೆ ಇರಲು ಅಷ್ಟೊಂದು ಶ್ರಮಪಡುತ್ತಿತ್ತು. ನೆಡ್ ನನ್ನ ಮುಖ ನೋಡುತ್ತಿದ್ದ. ಹಿಮ ಕರಗಿ ಅವನ ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಅವನು ಅದನ್ನು ಒರೆಸಲಿಲ್ಲ.

ನಾನು ಶಾಲೆಯಲ್ಲಿ ಎಂದೂ ಎತ್ತದ ದನಿಯನ್ನು ಎತ್ತಿದೆ.

"ಮಧ್ಯಾಹ್ನ ಬೇಡ ಅಂದಿದ್ದು ಮೊದಲ್ನೇ ಸಲದ್ದು, ನೆಡ್. ಇನ್ನೊಂದ್ಸಲ ಕೇಳು."